ಕೈಗಡಿಯಾರದ ಪ್ರಾಮಾಣಿಕತೆ

ಒಂದು ವಾಚು ಸರಿಯಾಗಿದೆ ಎಂದು ನಾವು ಯಾವಾಗ ಹೇಳಬೇಕು? ಪ್ರಶ್ನೆ ತೀರಾ ಸುಲಭದ್ದೆಂದು ತೋರುತ್ತದೆ. ಸರಿಯಾದ ಸಮಯ ತೋರಿಸಿದರೆ ಅದು ಸರಿಯಾದ ವಾಚು, ಇದರಲ್ಲಿ ಯೋಚಿಸುವುದಕ್ಕೆ ಏನಿದೆ ಎಂದು ಯಾರಾದರೂ ಕೇಳಬಹುದು. ಆದರೆ ಕೊಪ್ಪದ ಬಸ್ ನಿಲ್ದಾಣದಲ್ಲಿ ಶೃಂಗೇರಿ ಬಸ್ಸಿಗಾಗಿ ಕಾಯುತ್ತಿರುವ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರ ಕೈಯಲ್ಲೂ ಕೀ ಕೊಡುವ ಹಳೆಯ ವಾಚುಗಳಿವೆ. ಮೊದಲನೆಯವರ ವಾಚಿನಲ್ಲಿ ಹತ್ತು ಗಂಟೆ ಎರಡು ನಿಮಿಷ. ಎರಡನೆಯವರದ್ದರಲ್ಲಿ ಹತ್ತಕ್ಕೆ ಇನ್ನೂ ಒಂದು ನಿಮಿಷವಿದೆ. ಪಕ್ಕದ ಹುಡುಗನ ಮೊಬೈಲಿನಲ್ಲಿ ಸರಿಯಾಗಿ ಹತ್ತು ಗಂಟೆ. ಹಾಗಾದರೆ ಎರಡನೆಯ ವಾಚೇ ಉತ್ತಮ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ.

ಈಗ ಆ ಎರಡು ವಾಚುಗಳ ಹಿಂದಿನ ದಿನಗಳನ್ನು ವಿಚಾರಿಸೋಣ. ಮೊದಲನೆಯ ವಾಚಿಗೆ ಸಮಯ ಹೊಂದಿಸಿ ಆರು ದಿನಗಳಾಗಿವೆ. ಅದು ದಿನಕ್ಕೆ 20 ಸೆಕೆಂಡ್ ಮುಂದೆ ಓಡುತ್ತದೆ. ನಿನ್ನೆಯೂ ಇಪ್ಪತ್ತು, ಮೊನ್ನೆಯೂ ಇಪ್ಪತ್ತು. ಆರು ದಿನಗಳಲ್ಲಿ ಎರಡು ನಿಮಿಷವಾಯಿತು. ಎರಡನೆಯ ವಾಚಿಗೆ ನಿನ್ನೆ ರಾತ್ರಿಯಷ್ಟೇ ಸಮಯ ಹೊಂದಿಸಲಾಗಿತ್ತು. ಒಂದೇ ರಾತ್ರಿಯಲ್ಲಿ ಅದು ಒಂದು ನಿಮಿಷ ಹಿಂದೆ ಬಿದ್ದಿದೆ. ಅದರ ಹಿಂದಿನ ದಿನ ಮುಕ್ಕಾಲು ನಿಮಿಷ ಮುಂದೆ ಓಡಿತ್ತು. ನಾಳೆ ಏನು ಮಾಡುತ್ತದೆಂದು ಅದರ ಒಡೆಯನಿಗೇ ಗೊತ್ತಿಲ್ಲ. ಈಗ ಹೇಳಿ, ಯಾವುದು ಉತ್ತಮ ವಾಚು?

ನಮ್ಮ ಮೊದಲ ತೀರ್ಪು ತಲೆಕೆಳಗಾಯಿತು. ಒಂದು ಕ್ಷಣದ ನೋಟಕ್ಕೆ ಸತ್ಯಕ್ಕೆ ಹತ್ತಿರವಿದ್ದುದು ನಂಬಲಾಗದ ವಾಚು, ದೂರವಿದ್ದುದು ನಂಬಬಹುದಾದ ವಾಚು. ಗಡಿಯಾರವನ್ನು ಪರೀಕ್ಷಿಸುವವರು ಬಹಳ ಹಿಂದೆಯೇ ಕಲಿತ ಪಾಠವಿದು. ಆದರೆ ಮನುಷ್ಯರನ್ನು ಪರೀಕ್ಷಿಸುವ ನಾವು ಅದನ್ನು ಇನ್ನೂ ಕಲಿತಂತಿಲ್ಲ.

ಒಳಗಿರುವ ಯಂತ್ರ

ಕೀ ಕೊಡುವ ವಾಚಿನ ಒಳಗೆ ನಡೆಯುವುದೇನೆಂದು ತಿಳಿದುಕೊಂಡರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಕೀ ತಿರುಗಿಸಿದಾಗ ಒಂದು ಉಕ್ಕಿನ ಪಟ್ಟಿ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಶಕ್ತಿಯೇ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಆದರೆ ಆ ಶಕ್ತಿಯನ್ನು ಹಾಗೆಯೇ ಬಿಟ್ಟರೆ ಮುಳ್ಳುಗಳು ಗಿರ್ರನೆ ಸುತ್ತಿ ನಿಂತುಬಿಡುತ್ತವೆ. ಅದನ್ನು ತಡೆತಡೆದು, ತುಣುಕು ತುಣುಕಾಗಿ ಹೊರಬಿಡುವುದಕ್ಕೆ ಒಂದು ಪುಟ್ಟ ಚಕ್ರವಿದೆ. ಅದೇ ಬ್ಯಾಲೆನ್ಸ್ ಚಕ್ರ. ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗಿನ ಸಹಾಯದಿಂದ ಅದು ಆಚೆಗೊಮ್ಮೆ ಈಚೆಗೊಮ್ಮೆ ತೂಗುತ್ತದೆ. ಒಂದೊಂದು ತೂಗಿಗೂ ಒಂದೊಂದು ಟಿಕ್.

ನಮ್ಮ ಕಡೆ ಬಹಳ ಮನೆಗಳಲ್ಲಿದ್ದ ಎಚ್.ಎಂ.ಟಿ.ಯ ಕೀ ಕೊಡುವ ವಾಚುಗಳಲ್ಲಿ ಈ ಬಡಿತ ಸೆಕೆಂಡಿಗೆ ಐದು. ಗಂಟೆಗೆ 18,000. ದಿನವೊಂದಕ್ಕೆ 4,32,000. ದಿನಕ್ಕೆ 20 ಸೆಕೆಂಡ್ ಮುಂದೆ ಓಡುವ ವಾಚು ಈ ನಾಲ್ಕು ಲಕ್ಷದ ಮೂವತ್ತೆರಡು ಸಾವಿರ ಬಡಿತಗಳಲ್ಲಿ ನೂರು ಬಡಿತ ಮಾತ್ರ ಹೆಚ್ಚು ಬಡಿಯುತ್ತದೆ. ಅಂದರೆ 4,320ಕ್ಕೆ ಒಂದರಷ್ಟು ತಪ್ಪು. ದಿನಸಿ ಅಂಗಡಿಯ ತಕ್ಕಡಿ ಇಷ್ಟೇ ತಪ್ಪು ಮಾಡಿದರೆ ಒಂದು ಕಿಲೋ ಅಕ್ಕಿಯಲ್ಲಿ ಕಾಲು ಗ್ರಾಮಿಗಿಂತ ಕಡಿಮೆ ವ್ಯತ್ಯಾಸವಾಗುತ್ತದೆ. ಅಂಥ ತಕ್ಕಡಿಯನ್ನು ನಾವು ದೋಷಪೂರಿತ ಎನ್ನುವುದಿಲ್ಲ, ಧರ್ಮದ ತಕ್ಕಡಿ ಎನ್ನುತ್ತೇವೆ. ಆದರೆ ವಾಚಿನ ವಿಷಯ ಬಂದಾಗ, ವಾರಕ್ಕೆ ಎರಡು ನಿಮಿಷ ಮುಂದೆ ಹೋಯಿತೆಂದು ಅದನ್ನು ಮೂಲೆಗೆಸೆಯುತ್ತೇವೆ. ಕಾರಣವಿಷ್ಟೇ. ತಕ್ಕಡಿಯ ತಪ್ಪು ಒಂದು ತೂಕಕ್ಕೆ ಮುಗಿಯುತ್ತದೆ. ವಾಚಿನ ತಪ್ಪು ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ. ಸಣ್ಣದಾದರೂ ದಿನಾ ಕೂಡುವ ತಪ್ಪು ಎಷ್ಟು ದೊಡ್ಡದಾಗುತ್ತದೆ ಎಂಬುದಕ್ಕೆ ವಾಚಿಗಿಂತ ಒಳ್ಳೆಯ ಉದಾಹರಣೆ ಬೇರೆ ಬೇಕಿಲ್ಲ.

ಈ ಬಡಿತವನ್ನು ಕೆಡಿಸುವ ಶತ್ರುಗಳು ಅನೇಕ. ಬಿಸಿಲು ಏರಿದರೆ ಉಕ್ಕಿನ ಹೇರ್‌ಸ್ಪ್ರಿಂಗ್ ಸಡಿಲವಾಗಿ ವಾಚು ಹಿಂದೆ ಬೀಳುತ್ತದೆ. ಈ ತೊಂದರೆಗೆ ಬಹುಮಟ್ಟಿನ ಪರಿಹಾರವಾಗಬಲ್ಲ ಮಿಶ್ರಲೋಹಗಳನ್ನು ಕಂಡುಹಿಡಿದ ಶಾರ್ಲ್ ಗಿಯೋಮ್ ಎಂಬ ವಿಜ್ಞಾನಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನವೇ ಬಂತು. ವಾಚನ್ನು ಮೇಜಿನ ಮೇಲೆ ಮಲಗಿಸಿದಾಗ ಒಂದು ನಡೆ, ಗೋಡೆಗೆ ತೂಗುಹಾಕಿದಾಗ ಇನ್ನೊಂದು ನಡೆ. ಕೀ ಕೊಟ್ಟ ಹೊಸದರಲ್ಲಿ ಒಂದು ನಡೆ, ಕೀ ಮುಗಿಯುತ್ತಾ ಬಂದಾಗ ಮತ್ತೊಂದು. ರೇಡಿಯೋದ ಸ್ಪೀಕರಿನ ಪಕ್ಕ ಇಟ್ಟರೆ ಅದರ ಅಯಸ್ಕಾಂತದಿಂದ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ಹುಚ್ಚಾಪಟ್ಟೆ ಮುಂದೆ ಓಡಬಹುದು. ಇನ್ನು ಮಲೆನಾಡಿನಲ್ಲಿ ಇವೆಲ್ಲಕ್ಕಿಂತ ದೊಡ್ಡ ಶತ್ರು ಮಳೆಗಾಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದು. ಆ ತೇವ ವಾಚಿನ ಒಳಹೊಕ್ಕರೆ ಉಕ್ಕಿನ ಭಾಗಗಳಿಗೆ ತುಕ್ಕು ಖಂಡಿತ.

ಆದ್ದರಿಂದ ವಾಚಿನ ತಪ್ಪನ್ನೆಲ್ಲ ವಾಚಿನ ಮೇಲೆಯೇ ಹೊರಿಸುವಂತಿಲ್ಲ. ಅದು ಯಾವ ಹವೆಯಲ್ಲಿ, ಯಾವ ಸ್ಥಿತಿಯಲ್ಲಿ, ಯಾರ ಕೈಯಲ್ಲಿ ಬದುಕುತ್ತಿದೆ ಎಂಬುದನ್ನೂ ಕೇಳಬೇಕಾಗುತ್ತದೆ.

ಹದಿನೈದು ದಿನಗಳ ಪರೀಕ್ಷೆ

ಹಾಗಾದರೆ ಪರೀಕ್ಷಿಸುವ ನ್ಯಾಯವಾದ ಕ್ರಮ ಯಾವುದು? ಮನೆಯಲ್ಲೇ ಮಾಡಬಹುದಾದ ವಿಧಾನ ಸರಳವಾದುದು. ದಿನಾ ಒಂದೇ ಹೊತ್ತಿಗೆ ಕೀ ಕೊಡಬೇಕು. ರಾತ್ರಿ ಒಂದೇ ರೀತಿಯಲ್ಲಿ ಇಡಬೇಕು. ಬೆಳಿಗ್ಗೆ ಒಂದೇ ಹೊತ್ತಿಗೆ ಒಂದೇ ಮಾನದಂಡದ ಜೊತೆ ಹೋಲಿಸಿ, ಎಷ್ಟು ಸೆಕೆಂಡ್ ಮುಂದೆ ಅಥವಾ ಹಿಂದೆ ಇದೆಯೆಂದು ಬರೆದಿಡಬೇಕು. ಮಧ್ಯೆ ಮುಳ್ಳನ್ನು ಮುಟ್ಟಬಾರದು. ಮೊಬೈಲ್ ಬರುವ ಮುಂಚೆ ಈ ಭಾಗದವರಿಗೆ ಮಾನದಂಡವಾಗಿದ್ದುದು ಆಕಾಶವಾಣಿ. ವಾರ್ತೆಯ ಮುಂಚೆ ಬರುವ ಸಮಯದ ಸಂಕೇತ ಕೇಳಿ ಎಷ್ಟೋ ಮನೆಗಳಲ್ಲಿ ವಾಚು ತಿದ್ದಿಕೊಳ್ಳುತ್ತಿದ್ದರು. ಹತ್ತು ಹದಿನೈದು ದಿನ ಹೀಗೆ ಬರೆದಿಟ್ಟ ಮೇಲೆ ನೋಡಬೇಕಾದದ್ದು ಎರಡು ಸಂಗತಿ. ಸರಾಸರಿ ಎಷ್ಟು ತಪ್ಪು ಎಂಬುದು ಒಂದು. ಆ ತಪ್ಪು ದಿನದಿಂದ ದಿನಕ್ಕೆ ಎಷ್ಟು ಬದಲಾಗುತ್ತದೆ ಎಂಬುದು ಇನ್ನೊಂದು.

ಸ್ವಿಟ್ಜರ್ಲೆಂಡಿನಲ್ಲಿ ಉತ್ತಮ ದರ್ಜೆಯ ವಾಚಿನ ಯಂತ್ರಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ ಕೂಡ ಮಾಡುವುದು ಇದನ್ನೇ. 15 ದಿನ, ಐದು ಭಂಗಿಗಳಲ್ಲಿ, ಮೂರು ಉಷ್ಣತೆಗಳಲ್ಲಿ ಪರೀಕ್ಷೆ ನಡೆಯುತ್ತದೆ. ಸರಾಸರಿ ನಡೆ ದಿನಕ್ಕೆ 4 ಸೆಕೆಂಡಿಗಿಂತ ಹಿಂದೆ ಬೀಳಬಾರದು, 6 ಸೆಕೆಂಡಿಗಿಂತ ಮುಂದೆ ಓಡಬಾರದು. ಗಮನಿಸಿ, ತಪ್ಪೇ ಇರಬಾರದೆಂದು ಯಾರೂ ಹೇಳಿಲ್ಲ. ಆದರೆ ಇದರ ಜೊತೆಗೆ ಬೇರೆಯದೇ ಒಂದು ನಿಯಮವೂ ಇದೆ. ದಿನದಿಂದ ದಿನಕ್ಕೆ ನಡೆಯಲ್ಲಾಗುವ ಬದಲಾವಣೆಯ ಸರಾಸರಿ 2 ಸೆಕೆಂಡ್ ಮೀರಬಾರದು. ತಪ್ಪಿಗೆ ಹತ್ತು ಸೆಕೆಂಡಿನಷ್ಟು ಅವಕಾಶ, ಚಂಚಲತೆಗೆ ಎರಡೇ ಸೆಕೆಂಡ್.

ಇದಕ್ಕೊಂದು ಕಾರಣವಿದೆ. ಪೇಟೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುವ ಯಾವ ವಾಚ್ ರಿಪೇರಿಯವರನ್ನು ಕೇಳಿದರೂ ಅದನ್ನು ವಿವರಿಸಬಲ್ಲರು. ದಿನಾ ಒಂದೇ ಥರ ಮುಂದೆ ಓಡುವ ವಾಚನ್ನು ತಿದ್ದುವುದು ಕಷ್ಟವಲ್ಲ. ಬ್ಯಾಲೆನ್ಸ್ ಚಕ್ರದ ಮೇಲಿರುವ ಪುಟ್ಟ ಕಡ್ಡಿಯನ್ನು ಎಳ್ಳಿನಷ್ಟು ಸರಿಸಿದರೆ ಸಾಕು. ಒಂದು ದಿನ ಮುಂದೆ, ಒಂದು ದಿನ ಹಿಂದೆ ಎನ್ನುವ ವಾಚನ್ನು ಆ ಕಡ್ಡಿಯಿಂದ ತಿದ್ದಲಾಗದು. ಅದನ್ನು ಪೂರ್ತಿ ಬಿಚ್ಚಬೇಕು. ಎಲ್ಲೋ ಕೊಳೆಯಿದೆ, ಎಲ್ಲೋ ತುಕ್ಕಿದೆ, ಎಲ್ಲೋ ಹಲ್ಲು ಸವೆದಿದೆ. ಸ್ಥಿರವಾದ ತಪ್ಪಿಗೆ ತಿದ್ದುಪಡಿಯುಂಟು, ಚಂಚಲತೆಗೆ ತಿದ್ದುಪಡಿಯಿಲ್ಲ, ಶುದ್ಧೀಕರಣವೇ ಆಗಬೇಕು.

ಮೊದಲೇ ಹೇಳಿದ ತಪ್ಪು

ಸ್ಥಿರವಾಗಿದ್ದರೆ ಮಾತ್ರ ಸಾಕೇ? ಇತಿಹಾಸದ ಒಂದು ಪ್ರಸಿದ್ಧ ವಿವಾದ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಕರೆದೊಯ್ಯುತ್ತದೆ.

ಸಮುದ್ರದ ನಡುವೆ ಹಡಗು ಎಷ್ಟು ಪೂರ್ವಕ್ಕಿದೆ, ಎಷ್ಟು ಪಶ್ಚಿಮಕ್ಕಿದೆ ಎಂದು ತಿಳಿಯಲು ಒಂದು ದಾರಿಯೆಂದರೆ ಹೊರಟ ಬಂದರಿನ ಸಮಯವನ್ನು ಹೊತ್ತೊಯ್ಯುವ ಗಡಿಯಾರ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಗಡಿಯಾರ ನಾಲ್ಕು ನಿಮಿಷ ತಪ್ಪಿದರೆ ಹಡಗಿನ ಲೆಕ್ಕ ಒಂದು ಡಿಗ್ರಿ ತಪ್ಪುತ್ತದೆ. ಸಮಭಾಜಕದ ಬಳಿ ಅದು ನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ಎಷ್ಟೋ ಹಡಗುಗಳು ಈ ಲೆಕ್ಕ ತಪ್ಪಿ ಬಂಡೆಗಳಿಗೆ ಬಡಿದು ಮುಳುಗಿದ್ದವು. 1714ರಲ್ಲಿ ಬ್ರಿಟಿಷ್ ಸಂಸತ್ತು, ಅರ್ಧ ಡಿಗ್ರಿಯೊಳಗೆ ಲೆಕ್ಕ ಹೇಳುವ ಉಪಾಯಕ್ಕೆ 20,000 ಪೌಂಡ್ ಬಹುಮಾನವಿಟ್ಟಿತು. ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗ ದಶಕಗಳ ಕಾಲ ದುಡಿದು ಒಂದು ಗಡಿಯಾರ ಮಾಡಿದ. 1761ರ ಕೊನೆಯಲ್ಲಿ ಅವನ ಮಗ ವಿಲಿಯಂ ಅದನ್ನು ಹಡಗಿನಲ್ಲಿ ಜಮೈಕಾಕ್ಕೆ ಕೊಂಡೊಯ್ದ. 81 ದಿನಗಳಲ್ಲಿ ಅದು ತಪ್ಪಿದ್ದು ಕೇವಲ 5 ಸೆಕೆಂಡ್ ಎಂದು ಲೆಕ್ಕವಾಯಿತು.

ಆದರೆ ಪರೀಕ್ಷಕರು ಒಪ್ಪಲಿಲ್ಲ. ಅವರ ಆಕ್ಷೇಪಗಳಲ್ಲಿ ಒಂದು ಯೋಚಿಸಬೇಕಾದದ್ದು. ಆ 5 ಸೆಕೆಂಡ್ ಎಂಬುದು, ಗಡಿಯಾರ ದಿನಕ್ಕೆ ಎರಡೂ ಮುಕ್ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಹಿಂದೆ ಬೀಳುತ್ತದೆ ಎಂದು ಕಳೆದ ಮೇಲೆ ಉಳಿದ ಲೆಕ್ಕ. ಆದರೆ ಹೀಗೆ ಹಿಂದೆ ಬೀಳುತ್ತದೆಂದು ಪ್ರಯಾಣಕ್ಕೆ ಮುಂಚೆ ಎಲ್ಲರೆದುರು ಹೇಳಿ ಒಪ್ಪಿಗೆ ಪಡೆದಿರಲಿಲ್ಲ. 1764ರಲ್ಲಿ ಬಾರ್ಬಡೋಸಿಗೆ ಎರಡನೆಯ ಪ್ರಯಾಣವಾಯಿತು. ಈ ಸಲ ಹೊರಡುವ ಮುಂಚೆಯೇ ಗಡಿಯಾರದ ನಡೆಯನ್ನು ಘೋಷಿಸಲಾಯಿತು. 47 ದಿನಗಳ ನಂತರ ಉಳಿದ ತಪ್ಪು ಸುಮಾರು 39 ಸೆಕೆಂಡ್. ಅಂಕಿಯನ್ನಷ್ಟೇ ನೋಡಿದರೆ ಮೊದಲ ಪರೀಕ್ಷೆಯ ಫಲವೇ ಚೆನ್ನಾಗಿತ್ತು. ಆದರೆ ಹೆಚ್ಚು ಗಟ್ಟಿಯಾದ ಸಾಕ್ಷ್ಯ ಎರಡನೆಯದು. ಏಕೆಂದರೆ ಅದರಲ್ಲಿ ತಪ್ಪನ್ನು ಮೊದಲೇ ಹೇಳಲಾಗಿತ್ತು.

ಹ್ಯಾರಿಸನ್‌ನನ್ನು ಪರೀಕ್ಷಕರು ವರ್ಷಗಟ್ಟಲೆ ಸತಾಯಿಸಿದರು ಎಂಬುದೂ ನಿಜ. ಅವನ ಬಗ್ಗೆ ಅವರಿಗೆ ಪೂರ್ವಗ್ರಹವಿತ್ತು ಎನ್ನುವವರೂ ಇದ್ದಾರೆ. ಆದರೂ ಅವರು ಎತ್ತಿದ ತತ್ವ ಗಟ್ಟಿಯಾದುದು. ಫಲಿತಾಂಶ ಬಂದ ಮೇಲೆ ಅದಕ್ಕೆ ಹೊಂದುವ ವಿವರಣೆಯನ್ನು ಯಾರು ಬೇಕಾದರೂ ಕೊಡಬಹುದು. "ನನ್ನಲ್ಲಿ ಈ ಕೊರತೆಯಿದೆ, ಇಷ್ಟು ಇದೆ, ಇದನ್ನು ಕಳೆದು ನನ್ನನ್ನು ನಂಬಿ" ಎಂದು ಮೊದಲೇ ಹೇಳುವುದಕ್ಕೆ ಧೈರ್ಯ ಬೇಕು. ಮಾರುವ ದನದ ಕೊರತೆಯನ್ನು ಮೊದಲೇ ಹೇಳುವ ವ್ಯಾಪಾರಿ, ಕೊಡುವ ಸಾಲವನ್ನು ಎಂದು ತೀರಿಸಲಾಗುತ್ತದೆಂದು ಮೊದಲೇ ಪ್ರಾಮಾಣಿಕವಾಗಿ ಹೇಳುವ ಸಾಲಗಾರ, ತನಗೆ ತಿಳಿಯದ ರೋಗವೆಂದು ಮೊದಲೇ ಹೇಳುವ ವೈದ್ಯ, ಇವರೆಲ್ಲ ಆ ಎರಡನೆಯ ಪ್ರಯಾಣದ ಗಡಿಯಾರದಂತೆ.

ಇಲ್ಲಿ ಒಂದು ಹಳೆಯ ತಮಾಷೆಯ ಲೆಕ್ಕವನ್ನೂ ನೆನೆಯಬಹುದು. ಗಣಿತಜ್ಞನೂ ಮಕ್ಕಳ ಕಥೆಗಾರನೂ ಆಗಿದ್ದ ಲೂಯಿಸ್ ಕ್ಯಾರೊಲ್ ಒಡ್ಡಿದ ಒಗಟು ಅದು. ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುವ ಗಡಿಯಾರ ಮತ್ತೆ ಸರಿಯಾದ ಸಮಯ ತೋರಿಸಲು 720 ದಿನ, ಅಂದರೆ ಹತ್ತಿರ ಹತ್ತಿರ ಎರಡು ವರ್ಷ ಬೇಕು. ನಿಂತೇಹೋದ ಗಡಿಯಾರವಾದರೋ ದಿನಕ್ಕೆರಡು ಸಲ ಸರಿಯಾದ ಸಮಯ ತೋರಿಸುತ್ತದೆ. ಹಾಗಾದರೆ ನಿಂತ ಗಡಿಯಾರವೇ ಶ್ರೇಷ್ಠವೇ? ನಗು ಬರುತ್ತದೆ. ಆದರೆ ಎಷ್ಟು ಸಲ ಸರಿಯಾಗಿತ್ತು ಎಂದಷ್ಟೇ ಎಣಿಸಿ ತೀರ್ಪು ಕೊಡುವವನು ಈ ನಗುವಿಗೆ ಉತ್ತರಿಸಲಾರ. ನಿಂತ ಗಡಿಯಾರ ಸರಿಯಾಗಿರುವ ಕ್ಷಣ ಯಾವುದೆಂದು ತಿಳಿಯಬೇಕಾದರೆ ಇನ್ನೊಂದು ಗಡಿಯಾರ ಬೇಕು. ನಡೆಯುವ ಗಡಿಯಾರ ತಪ್ಪಾಗಿದ್ದರೂ ಅದರಿಂದಲೇ ಸಮಯವನ್ನು ಲೆಕ್ಕ ಹಾಕಬಹುದು. ತನ್ನ ಕಾಲದಲ್ಲಿ ನಿಂತುಹೋದ ಮನುಷ್ಯ ಕೂಡ ಆಗಾಗ ಸರಿಯಾದ ಮಾತಾಡುತ್ತಾನೆ. ಅದನ್ನು ವಿವೇಕವೆಂದು ಕರೆಯಲಾಗದು.

ಶೃಂಗೇರಿಯಿಂದ ನರಸಿಂಹರಾಜಪುರಕ್ಕೆ ಒಂದು ನಿಮಿಷ

ಇಲ್ಲಿಯವರೆಗೆ 'ಸರಿಯಾದ ಸಮಯ' ಎಂಬುದೊಂದು ಎಲ್ಲೋ ಗಟ್ಟಿಯಾಗಿ ಕುಳಿತಿದೆ ಎಂದು ಒಪ್ಪಿಕೊಂಡೇ ಮಾತಾಡಿದೆವು. ಅದನ್ನೂ ಕೊಂಚ ಪರೀಕ್ಷಿಸೋಣ.

ನಮ್ಮ ಗಡಿಯಾರಗಳೆಲ್ಲ ಅನುಸರಿಸುವ ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಶೃಂಗೇರಿ ಇರುವುದು ಸುಮಾರು 75.25 ಡಿಗ್ರಿಯಲ್ಲಿ, ಕೊಪ್ಪ ಅದಕ್ಕಿಂತ ಸ್ವಲ್ಪ ಪೂರ್ವಕ್ಕೆ, ನರಸಿಂಹರಾಜಪುರ ಸುಮಾರು 75.5 ಡಿಗ್ರಿಯಲ್ಲಿ. ಆದ್ದರಿಂದ ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಶೃಂಗೇರಿಯಲ್ಲಿ ಸೂರ್ಯ ನೆತ್ತಿಗೆ ಬಂದಿರುವುದಿಲ್ಲ. ವರ್ಷದ ಸರಾಸರಿ ತೆಗೆದರೆ ಅಲ್ಲಿ ನಡುಮಧ್ಯಾಹ್ನವಾಗುವುದು ಹನ್ನೆರಡು ಗಂಟೆ ಇಪ್ಪತ್ತೊಂಬತ್ತು ನಿಮಿಷಕ್ಕೆ. ನರಸಿಂಹರಾಜಪುರದಲ್ಲಿ ಅದಕ್ಕಿಂತ ಸುಮಾರು ಒಂದು ನಿಮಿಷ ಮೊದಲು. ಸರಾಸರಿ ಎನ್ನಬೇಕಾದದ್ದು ಏಕೆಂದರೆ ಸೂರ್ಯನೂ ವರ್ಷವಿಡೀ ಒಂದೇ ನಡೆಯಲ್ಲಿ ಕಾಣಿಸುವುದಿಲ್ಲ. ನವೆಂಬರ್ ಆರಂಭದಲ್ಲಿ ಶೃಂಗೇರಿಯ ನಡುಮಧ್ಯಾಹ್ನ ಹನ್ನೆರಡು ಗಂಟೆ ಹದಿಮೂರು ನಿಮಿಷದ ಹೊತ್ತಿಗೇ ಬರುತ್ತದೆ. ಫೆಬ್ರವರಿ ಮಧ್ಯದಲ್ಲಿ ಹನ್ನೆರಡು ಮುಕ್ಕಾಲರ ಸಮೀಪಕ್ಕೆ ಸರಿಯುತ್ತದೆ. ಅರ್ಧ ಗಂಟೆಯ ಓಲಾಟ! ಆದರೆ ಈ ಓಲಾಟ ಪ್ರತಿ ವರ್ಷ ಹಾಗೆಯೇ ಮರಳಿ ಬರುವುದರಿಂದ ಯಾರೂ ಸೂರ್ಯನನ್ನು ನಂಬಲಾಗದವನೆಂದು ಹೇಳುವುದಿಲ್ಲ.

ಈಗ ದಿನಕ್ಕೆ 20 ಸೆಕೆಂಡ್ ಮುಂದೆ ಓಡುವ ನಮ್ಮ ವಾಚಿಗೆ ಮರಳೋಣ. ಶೃಂಗೇರಿಯ ಸೂರ್ಯನಿಗೆ ಹೊಂದಿಸಿ ಮೂರು ದಿನ ಬಿಟ್ಟರೆ ಅದು ಒಂದು ನಿಮಿಷ ಮುಂದಿರುತ್ತದೆ. ಅಂದರೆ ಶೃಂಗೇರಿಯ ಗೂಡಿನಲ್ಲೇ ಕುಳಿತು ನರಸಿಂಹರಾಜಪುರದ ಸಮಯ ತೋರಿಸುತ್ತದೆ! ನಾವು ತಪ್ಪು ಎನ್ನುವುದು ಇನ್ನೊಂದು ಊರಿನ ಸರಿ ಆಗಿರಬಹುದು.

ಇದು ಬರೀ ಚಮತ್ಕಾರದ ಮಾತಲ್ಲ. ರಮಝಾನಿನ ಉಪವಾಸ ಬಿಡುವವರಿಗೆ ಇದು ದಿನನಿತ್ಯದ ಪ್ರಶ್ನೆ. ಬೆಂಗಳೂರು ಕೊಪ್ಪಕ್ಕಿಂತ ಎರಡು ಡಿಗ್ರಿಗೂ ಹೆಚ್ಚು ಪೂರ್ವಕ್ಕಿದೆ. ಬೆಂಗಳೂರಿನ ಮಗ್ರಿಬ್ ಅಝಾನನ್ನು ಟಿ.ವಿ.ಯಲ್ಲಿ ಕೇಳಿ ಕೊಪ್ಪದಲ್ಲಿ ಇಫ್ತಾರ್ ಮಾಡಿದರೆ ಸೂರ್ಯ ಮುಳುಗಲು ಇನ್ನೂ ಒಂಬತ್ತು ನಿಮಿಷದಷ್ಟು ಬಾಕಿಯಿರುತ್ತದೆ. ಅಲ್ಲಿ ವಾಚು ಸೆಕೆಂಡಿಗೆ ಸೆಕೆಂಡ್ ಸರಿಯಿದ್ದರೂ ಉಪವಾಸದ ಲೆಕ್ಕ ತಪ್ಪು. ಹಾಗೆಂದು ಕಣ್ಣನ್ನೇ ನಂಬೋಣವೆಂದರೆ ಮಲೆನಾಡಿನ ಕಣಿವೆಗಳಲ್ಲಿ ಅದೂ ಸುಲಭವಲ್ಲ. ಇಲ್ಲಿ ಸೂರ್ಯ ಮುಳುಗುವ ಎಷ್ಟೋ ಮೊದಲೇ ಗುಡ್ಡದ ಹಿಂದೆ ಮರೆಯಾಗುತ್ತಾನೆ. ಮಳೆಗಾಲದಲ್ಲಂತೂ ವಾರಗಟ್ಟಲೆ ಅವನ ಮುಖವೇ ಕಾಣದು. ಆಗ ಆ ಊರಿಗೆಂದೇ ಲೆಕ್ಕ ಹಾಕಿದ ವೇಳಾಪಟ್ಟಿ ಮತ್ತು ನಂಬಬಹುದಾದ ಒಂದು ಗಡಿಯಾರ ಎರಡೂ ಬೇಕು. ಆಕಾಶ ಗಡಿಯಾರವನ್ನು ತಿದ್ದುತ್ತದೆ, ಗಡಿಯಾರ ಕಣ್ಣನ್ನು ತಿದ್ದುತ್ತದೆ.

ಅದೇ ಊರುಗಳಲ್ಲಿ ಪಂಚಾಂಗ ನೋಡುವವರಿಗೆ ದಿನವೆಂದರೆ 60 ಘಳಿಗೆ. ಒಂದು ಘಳಿಗೆಗೆ 24 ನಿಮಿಷ. ಶೃಂಗೇರಿಯಲ್ಲಿ ತುಂಗೆಯ ದಡದ ಮೇಲಿರುವ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಗಳ ಹನ್ನೆರಡು ಕಂಬಗಳಿವೆ. ಆಯಾ ತಿಂಗಳಲ್ಲಿ ಆಯಾ ಕಂಬದ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆಂದು ಹೇಳುತ್ತಾರೆ. ತಿಂಗಳುಗಳನ್ನು ತೋರಿಸುವ ಅಂಥ ಕಲ್ಲಿನ ಗಡಿಯಾರವನ್ನು ಸೆಕೆಂಡಿನ ಲೆಕ್ಕದಲ್ಲಿ ಅಳೆಯುವುದು ಅವಿವೇಕ. ಬಿತ್ತನೆಗೆ ದಿನದ ಲೆಕ್ಕ ಸಾಕು, ಬಸ್ಸಿಗೆ ನಿಮಿಷದ ಲೆಕ್ಕ ಬೇಕು, ಓಟದ ಸ್ಪರ್ಧೆಗೆ ಸೆಕೆಂಡಿನ ತುಣುಕು ಬೇಕು. ಯಾವ ಕೆಲಸಕ್ಕೆ ಎಷ್ಟು ನಿಖರತೆ ಬೇಕೆಂದು ಕೇಳದೆ ಯಾರನ್ನೂ ತಪ್ಪಿತಸ್ಥರೆನ್ನುವುದು ನ್ಯಾಯವಲ್ಲ.

ಗಡಿಯಾರಗಳ ಸಾಲಿನ ಕೊನೆಯಲ್ಲಿ

ವಾಚನ್ನು ರೇಡಿಯೋದಿಂದ ತಿದ್ದಿದೆವು. ರೇಡಿಯೋವನ್ನು ತಿದ್ದುವವರು ಯಾರು? ದೇಶದ ಕಾಲಮಾನವನ್ನು ಕಾಪಾಡುವ ಹೊಣೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು. ಅಲ್ಲಿರುವುದು ಪರಮಾಣು ಗಡಿಯಾರಗಳು. ಅವುಗಳನ್ನು ತಿದ್ದುವವರು ಯಾರು? ಪ್ಯಾರಿಸ್ ಸಮೀಪದ ಅಂತಾರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆ. ಅಲ್ಲಾದರೂ ಜಗತ್ತಿನ ಆ ಏಕೈಕ ಸರಿಯಾದ ಗಡಿಯಾರ ಇರಬೇಕಲ್ಲವೇ? ಇಲ್ಲ. ಅಂಥದೊಂದು ಗಡಿಯಾರ ಎಲ್ಲಿಯೂ ಇಲ್ಲ. ಹಲವು ದೇಶಗಳ ಪ್ರಯೋಗಾಲಯಗಳಲ್ಲಿರುವ ನಾನೂರಕ್ಕೂ ಹೆಚ್ಚು ಪರಮಾಣು ಗಡಿಯಾರಗಳ ಲೆಕ್ಕವನ್ನು ತರಿಸಿಕೊಂಡು, ಅವುಗಳ ಸರಾಸರಿಯಿಂದ ಜಗತ್ತಿನ ಸಮಯವನ್ನು ನಿರ್ಧರಿಸುತ್ತಾರೆ. ಆ ಸರಾಸರಿಯಲ್ಲಿ ಯಾವ ಗಡಿಯಾರಕ್ಕೆ ಹೆಚ್ಚು ಬೆಲೆ? ಅತಿ ಸರಿಯಾದುದಕ್ಕಲ್ಲ, ಅದರ ನಡೆಯನ್ನು ಮುಂಚಿತವಾಗಿ ಹೇಳಬಲ್ಲಂಥ ಸ್ಥಿರತೆ ಇರುವುದಕ್ಕೆ. ಕೊಪ್ಪದ ರಿಪೇರಿ ಅಂಗಡಿಯ ನಿಯಮವೇ ಪ್ಯಾರಿಸ್ಸಿನಲ್ಲೂ ಇದೆ. ಇನ್ನೊಂದು ಸಂಗತಿ. ಪ್ರತಿ ದೇಶದ ಸಮಯ ಎಷ್ಟು ತಪ್ಪಿತ್ತು ಎಂಬುದನ್ನು ಆ ಸಂಸ್ಥೆ ತಿಂಗಳಿಗೊಮ್ಮೆ ಬಹಿರಂಗವಾಗಿ ಪ್ರಕಟಿಸುತ್ತದೆ. ಅತ್ಯಂತ ನಿಖರವಾದ ಗಡಿಯಾರಗಳಿಗೂ ತಪ್ಪಿನ ಪಟ್ಟಿಯಿದೆ, ಮತ್ತು ಅದು ಗುಟ್ಟಲ್ಲ.

ಮಧ್ಯಯುಗದ ಮುಸ್ಲಿಮ್ ನಗರಗಳಲ್ಲಿ ದೊಡ್ಡ ಮಸೀದಿಗಳಿಗೆ ಮುವಕ್ಕಿತ್ ಎಂಬ ಕಾಲಪಾಲಕನಿರುತ್ತಿದ್ದ. ಅಝಾನ್ ಕೊಡುವವನು ಬೇರೆ, ಸಮಯ ಲೆಕ್ಕ ಹಾಕುವವನು ಬೇರೆ. ದಮಾಸ್ಕಸ್ಸಿನ ಉಮವಿ ಮಸೀದಿಯಲ್ಲಿ ಈ ಹುದ್ದೆಯಲ್ಲಿದ್ದ ಖಗೋಳಜ್ಞ ಇಬ್ನುಶ್ಶಾತಿರ್ 1371ರಲ್ಲಿ ಅಲ್ಲಿನ ಮಿನಾರಕ್ಕಾಗಿ ಒಂದು ದೊಡ್ಡ ನೆರಳು ಗಡಿಯಾರ ಮಾಡಿದ. ಸಾರುವವನು ತಾನೇ ತೀರ್ಮಾನಿಸಬಾರದು, ತೀರ್ಮಾನಿಸುವವನ ಲೆಕ್ಕ ಬಿಸಿಲಿನಲ್ಲಿ ತೆರೆದಿರಬೇಕು ಎಂಬ ಪಾಠವನ್ನು ಈ ಏರ್ಪಾಟಿನಿಂದ ನಾವು ತೆಗೆದುಕೊಳ್ಳಬಹುದು.

ಈ ಪಾಠ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಕೂಲಿಯ ಜಾಗದಲ್ಲಿ. ಕಾಫಿ, ಅಡಿಕೆ, ಚಹಾ ತೋಟಗಳ ಈ ನಾಡಿನಲ್ಲಿ ಒಂದು ಕಾಲಕ್ಕೆ ಕೆಲಸಕ್ಕೆ ಬರುವ ಹೊತ್ತು, ಬಿಡುವ ಹೊತ್ತು ತೀರ್ಮಾನವಾಗುತ್ತಿದ್ದುದು ರೈಟರ ಅಥವಾ ಮೇಸ್ತ್ರಿಯ ಕೈಗಡಿಯಾರದಿಂದ. ಆಳುಗಳ ಕೈಯಲ್ಲಿ ವಾಚಿರಲಿಲ್ಲ. ಬೆಳಿಗ್ಗೆ ಐದು ನಿಮಿಷ ಮುಂದೆ, ಸಂಜೆ ಐದು ನಿಮಿಷ ಹಿಂದೆ ನಡೆಯುವ ಗಡಿಯಾರವೊಂದು ಧಣಿಯ ಕೈಯಲ್ಲಿದ್ದರೆ ಏನಾಗುತ್ತದೆ? ದಿನಕ್ಕೆ ಹತ್ತು ನಿಮಿಷ. ವರ್ಷಕ್ಕೆ ಮುನ್ನೂರು ದಿನದ ಕೆಲಸವೆಂದರೆ 50 ಗಂಟೆ. ಒಬ್ಬ ಆಳಿನಿಂದ ಆರು ದಿನಕ್ಕೂ ಹೆಚ್ಚಿನ ಬಿಟ್ಟಿ ದುಡಿಮೆ. ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆಯಿದೆ, ಕೈಗಡಿಯಾರಕ್ಕೆ ಅಂಥ ಮುದ್ರೆಯಿಲ್ಲ. ಅಳತೆಯಲ್ಲಿ ಮೋಸ ಮಾಡುವವರ ಕುರಿತಾಗಿಯೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ, ಅದರ ಹೆಸರೂ ಅದೇ: ಅಲ್ ಮುತಫ್ಫಿಫೀನ್. ಅಕ್ಕಿಯನ್ನು ಕಡಿಮೆ ತೂಗುವುದು ಮಾತ್ರ ಅಳತೆಯ ಮೋಸವೆಂದು ತಿಳಿದರೆ ನಾವು ಅದನ್ನು ಅರ್ಧ ಮಾತ್ರ ಓದಿದಂತೆ. ಇನ್ನೊಬ್ಬರ ಹೊತ್ತನ್ನು ಕದಿಯುವುದೂ ಮೋಸವೇ. ಹತ್ತು ಗಂಟೆಯ ಸಭೆಗೆ ಜನರನ್ನು ಕರೆಸಿ ಹನ್ನೊಂದೂವರೆಗೆ ಬರುವ ಗಣ್ಯರ ಕೈಯಲ್ಲಿ ಎಂಥ ದುಬಾರಿ ವಾಚಿದ್ದರೂ ಅದು ಕೆಟ್ಟ ಗಡಿಯಾರವೇ.

ಜನಸಾಮಾನ್ಯರ ಕೈಗೆ ವಾಚು ಬಂದದ್ದರ ಮಹತ್ವ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ.ಯ ವಾಚು ಕಾರ್ಖಾನೆ, ಮುಂದೆ ತುಮಕೂರಿನಲ್ಲೂ ತಲೆಯೆತ್ತಿತು. ಅದು ಮಾಡಿದ ವಾಚುಗಳಲ್ಲಿ ತುಂಬಾ ಜನಪ್ರಿಯವಾದ ಒಂದರ ಹೆಸರೇ ಜನತಾ. ಕಣ್ಣು ಕಾಣದವರು ಬೆರಳಿನಿಂದ ಮುಟ್ಟಿ ಸಮಯ ತಿಳಿಯುವ ಬ್ರೈಲ್ ವಾಚನ್ನೂ ಅದು ತಯಾರಿಸಿತು. ಮದುವೆಗೆ, ಪರೀಕ್ಷೆ ಪಾಸಾದುದಕ್ಕೆ, ನೌಕರಿಯ ನಿವೃತ್ತಿಗೆ ಕೊಡುತ್ತಿದ್ದ ಉಡುಗೊರೆ ಅದಾಗಿತ್ತು. ಬ್ಯಾಟರಿಯ ಕ್ವಾರ್ಟ್ಸ್ ವಾಚುಗಳ ಮುಂದೆ ಅದು ಸೋತಿತು. ಸೆಕೆಂಡಿಗೆ 32,768 ಸಲ ಕಂಪಿಸುವ ಹರಳಿನ ನಿಖರತೆಯ ಎದುರು ಐದು ಬಡಿತದ ಚಕ್ರ ನಿಲ್ಲುವಂತಿರಲಿಲ್ಲ. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚು ಕಂಪೆನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಆದರೆ ಆ ವಾಚು ಕಟ್ಟಿಕೊಂಡ ದಿನದಿಂದ ಒಬ್ಬ ಆಳು ಮೇಸ್ತ್ರಿಯ ಬಳಿ "ನಿಮ್ಮ ವಾಚು ಎರಡು ನಿಮಿಷ ಮುಂದಿದೆ" ಎಂದು ಹೇಳಬಲ್ಲವನಾದ. ಅದು ಸಣ್ಣ ಸಂಗತಿಯಲ್ಲ.

ಮನುಷ್ಯರಿಗೂ ಹದಿನೈದು ದಿನ

ಈಗ ಎಲ್ಲರ ಕಿಸೆಯಲ್ಲೂ ಮೊಬೈಲ್ ಇರುವಾಗ ಕೀ ಕೊಡುವ ವಾಚಿನ ನಿಖರತೆಯ ಚಿಂತೆ ಯಾಕೆ ಎಂದು ಕೇಳಬಹುದು. ಸಮಯ ತಿಳಿಯುವುದಕ್ಕೆ ಅದು ಬೇಕಾಗಿಲ್ಲ, ನಿಜ. ಆದರೆ ಯಾರನ್ನಾದರೂ, ಯಾವುದನ್ನಾದರೂ ನ್ಯಾಯವಾಗಿ ಅಳೆಯುವುದು ಹೇಗೆ ಎಂಬುದನ್ನು ಅದು ಇನ್ನೂ ಕಲಿಸಬಲ್ಲುದು.

ಒಂದು ಯಂತ್ರದ ಬಗ್ಗೆ ತೀರ್ಪು ಕೊಡುವ ಮುಂಚೆ 15 ದಿನ ಕಾಯುತ್ತಾರೆ, ಐದು ಭಂಗಿಗಳಲ್ಲಿ ಇಟ್ಟು ನೋಡುತ್ತಾರೆ, ಚಳಿಯಲ್ಲೂ ಸೆಕೆಯಲ್ಲೂ ನೋಡುತ್ತಾರೆ. ನಾವಾದರೋ ಒಬ್ಬ ಮನುಷ್ಯನ ಬಗ್ಗೆ, ಕೆಲವೊಮ್ಮೆ ಒಂದಿಡೀ ಸಮುದಾಯದ ಬಗ್ಗೆ, ಒಂದು ಘಟನೆ ನೋಡಿ, ಒಂದು ಮಾತು ಕೇಳಿ ತೀರ್ಪು ಕೊಟ್ಟುಬಿಡುತ್ತೇವೆ. ಬಸ್ ನಿಲ್ದಾಣದ ಒಂದು ನೋಟದಲ್ಲಿ ಎರಡನೆಯ ವಾಚಿಗೆ ಅಂಕ ಕೊಟ್ಟ ಹಾಗೆ. ಅವನು ಯಾವ ಸೆಕೆಯಲ್ಲಿದ್ದ, ಯಾವ ಒತ್ತಡದಲ್ಲಿದ್ದ, ನಿನ್ನೆ ಹೇಗಿದ್ದ, ಮೊನ್ನೆ ಹೇಗಿದ್ದ ಎಂದು ಕೇಳುವ ವ್ಯವಧಾನ ನಮಗಿಲ್ಲ. ಅದಕ್ಕಿಂತಲೂ ಮುಖ್ಯವಾಗಿ, ನಾವು ಯಾವ ಗಡಿಯಾರದಿಂದ ಅವನನ್ನು ಅಳೆಯುತ್ತಿದ್ದೇವೆ, ಆ ಗಡಿಯಾರವನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ ಎಂದು ನಮ್ಮನ್ನೇ ಕೇಳಿಕೊಳ್ಳುವುದಿಲ್ಲ.

ತಪ್ಪೇ ಇಲ್ಲದ ಮನುಷ್ಯನನ್ನು ಹುಡುಕುವುದು ತಪ್ಪೇ ಇಲ್ಲದ ಗಡಿಯಾರವನ್ನು ಹುಡುಕಿದಂತೆ. ಅಂಥದ್ದು ದೆಹಲಿಯಲ್ಲೂ ಇಲ್ಲ, ಪ್ಯಾರಿಸ್ಸಿನಲ್ಲೂ ಇಲ್ಲ. ನಾವು ಕೇಳಬೇಕಾದದ್ದು ಬೇರೆ. ಇವನ ನಡೆ ಇಂದಿನಂತೆ ನಾಳೆಯೂ ಇರುತ್ತದೆಯೇ? ಮೇಲಿನವರೆದುರು ಒಂದು, ಕೆಳಗಿನವರೆದುರು ಇನ್ನೊಂದು ಆಗುತ್ತದೆಯೇ? ತನ್ನ ಕೊರತೆಯನ್ನು ಮೊದಲೇ ಹೇಳುತ್ತಾನೆಯೇ, ಇಲ್ಲ ಸಿಕ್ಕಿಬಿದ್ದ ಮೇಲೆ ವಿವರಣೆ ಕೊಡುತ್ತಾನೆಯೇ? ತಿದ್ದಲು ಬಂದವರಿಗೆ ಮುಚ್ಚಳ ತೆರೆಯುತ್ತಾನೆಯೇ? ಈ ಪ್ರಶ್ನೆಗಳನ್ನು ಇನ್ನೊಬ್ಬರಿಗೆ ಕೇಳುವ ಮುಂಚೆ ತನಗೆ ಕೇಳಿಕೊಳ್ಳುವುದನ್ನು ಮುಹಾಸಬ ಎನ್ನುತ್ತಾರೆ, ಅಂದರೆ ತನ್ನ ಲೆಕ್ಕವನ್ನು ತಾನೇ ಮಾಡಿಕೊಳ್ಳುವುದು. ಹೆಸರು ಏನೇ ಇರಲಿ, ಎಲ್ಲ ಧರ್ಮಗಳ ಸಜ್ಜನರೂ ಮಾಡುತ್ತಾ ಬಂದ ಕೆಲಸವದು.

ಹಳೆಯ ವಾಚಿಗೆ ದಿನಾ ಕೀ ಕೊಡಬೇಕಾಗಿತ್ತು. ಕೀ ಕೊಡುವಾಗ ಅದು ಎಷ್ಟು ಸರಿದಿದೆಯೆಂದು ನೋಡಿ, ಬೇಕಾದರೆ ತಿದ್ದಿಕೊಳ್ಳಬೇಕಾಗಿತ್ತು. ದಿನಕ್ಕೆ ಅರ್ಧ ನಿಮಿಷದ ಕೆಲಸ. ನಮ್ಮ ಬಗ್ಗೆಯೂ ನಾವು ದಿನಕ್ಕೆ ಅಷ್ಟು ಹೊತ್ತು ಕೊಟ್ಟರೆ, ನೆರೆಯವರ ವಾಚಿನಲ್ಲಿ ತಪ್ಪು ಹುಡುಕುವ ಅವಸರ ತಾನಾಗಿ ಕಡಿಮೆಯಾದೀತು.